ಕೇಲಿಯಲ್ಲಿ ಜೊತೆ ಬದಲಾಗುತ್ತದೆ ಅಂತ ಹೆದರಬೇಡಿ

ಸ್ಕಾಟ್ಲೆಂಡ್‌ನ ಎಡಿನ್‌ಬರಾದಲ್ಲಿ ಸಹೋದ್ಯೋಗಿಯ ಮದುವೆ, ರಾತ್ರಿ ಅಲ್ಲಿನ ಜನಪದ ಗುಂಪು ಕುಣಿತವಾದ ಕೇಲಿ, ಸುತ್ತಿಗೊಬ್ಬರಂತೆ ಜೊತೆಗಾರರು ಬದಲಾಗುತ್ತಾರಂತೆ, ಗುರುತಿಲ್ಲದವರ ಕೈ ಹಿಡಿಯಲು ಮುಜುಗರ, ಸೀರೆ ಬೇರೆ ಉಡಬೇಕು ಅಂತ ಬರೆದಿದ್ದೀರಿ. ದಯವಿಟ್ಟು ಕುಣಿಯಿರಿ, ಸುಮ್ನೆ ಕೂತು ನೋಡಬೇಡಿ.

ಎಲ್ಲ ಕುಣಿತದಲ್ಲೂ ಜೊತೆ ಬದಲಾಗುವುದಿಲ್ಲ. ಸಾಮಾನ್ಯವಾಗಿ ಶುರುವಿನಲ್ಲೇ ಬರುವ ಗೇ ಗೋರ್ಡನ್ಸ್ ಎಂಬ ಕುಣಿತದಲ್ಲಿ ಕೊನೆತನಕ ಒಬ್ಬರ ಜೊತೆಗೇ ಇರಬಹುದು. ಅದರಲ್ಲಿ, ಮೈಕ್ ಹಿಡಿದು ಹೆಜ್ಜೆ ಹೇಳುವ ಕಾಲರ್ ‘ಪ್ರೋಗ್ರೆಸಿವ್’ ಅಂದರೆ ಮಾತ್ರ ಮುಂದಿನವರ ಬಳಿ ಸರಿಯಬೇಕು. ಡ್ಯಾಶಿಂಗ್ ವೈಟ್ ಸಾರ್ಜೆಂಟ್ ಎಂಬ ಕುಣಿತದಲ್ಲಿ ನಿಮ್ಮ ಮೂವರ ಸಾಲು ಒಡೆಯುವುದಿಲ್ಲ, ಎದುರಿನ ಮೂವರು ಬದಲಾಗುತ್ತಾರೆ.

ನೀವು ಕಲಿತು ಹೋಗಬೇಕಾದ್ದು ಸುತ್ತಿಗೊಮ್ಮೆ ಜೊತೆ ಬದಲಾಗುವ ಸರ್ಕ್ಯಾಸಿಯನ್ ಸರ್ಕಲ್. ಎಲ್ಲರೂ ಒಂದೇ ದೊಡ್ಡ ವೃತ್ತ. ಹೆಂಗಸರು ತಮ್ಮ ಜೊತೆಗಾರರ ಬಲಕ್ಕೆ ನಿಲ್ಲಬೇಕು. ಕೈ ಹಿಡಿದು ನಾಲ್ಕು ಹೆಜ್ಜೆ ಒಳಕ್ಕೆ, ನಾಲ್ಕು ಹೊರಕ್ಕೆ, ಹೀಗೆ ಎರಡು ಸಲ. ಆಮೇಲೆ ಹೆಂಗಸರು ಮಾತ್ರ ಒಳಗೆ ಹೋಗಿ ಚಪ್ಪಾಳೆ ತಟ್ಟಿ ಹಿಂದೆ ಬರುತ್ತಾರೆ. ಗಂಡಸರೂ ಹಾಗೇ ಹೋಗಿ ಚಪ್ಪಾಳೆ ತಟ್ಟುತ್ತಾರೆ, ಆದರೆ ತಿರುಗಿ ಬರುವಾಗ ತಮ್ಮ ಎಡಕ್ಕಿದ್ದ ಹೆಂಗಸಿನ ಬಳಿ ಬರುತ್ತಾರೆ. ಅಂದರೆ ನಿಮ್ಮ ಬಲಕ್ಕೆ ನಿಂತಿದ್ದವರೇ ನಿಮ್ಮ ಹೊಸ ಜೊತೆ. ಅವರ ಜೊತೆ ಗಿರಗಿರ ತಿರುಗಿ, ಪಕ್ಕಪಕ್ಕ ನಡೆದು, ಮತ್ತೆ ವೃತ್ತ. ಒಂದು ಸುತ್ತಿಗೆ ಸಂಗೀತದ 32 ಬಾರ್ (ತಾಳದ ಆವರ್ತ), ಅಂದರೆ 64 ಹೆಜ್ಜೆ. ಕೋಲಾಟದಲ್ಲಿ ಎದುರು ಬಂದವರ ಕೋಲಿಗೆ ತಟ್ಟಿ ಮುಂದೆ ಸರಿಯುತ್ತೇವಲ್ಲ, ಅದೇ ಥರ.

ಹೊಸಬರು ತಪ್ಪುವುದು ಒಂದೇ ಕಡೆ. ಹಳೆಯ ಜೊತೆಗಾರರನ್ನು ಹುಡುಕುತ್ತಾ ನಿಲ್ಲುತ್ತಾರೆ. ಹುಡುಕಬೇಡಿ. ಯಾರು ಕೈ ಚಾಚುತ್ತಾರೋ ಅವರ ಕೈ ಹಿಡಿಯಿರಿ. ಜೊತೆ ಬದಲಾಗುವುದೇ ನಿಮಗೆ ಅನುಕೂಲ, ಯಾಕಂದ್ರೆ ಮುಂದೆ ಬರುವವರಿಗೆ ಹೆಜ್ಜೆ ಗೊತ್ತಿರುವ ಸಾಧ್ಯತೆ ಜಾಸ್ತಿ. ಸ್ಕಾಟ್ಲೆಂಡ್‌ನ ಎಷ್ಟೋ ಶಾಲೆಗಳಲ್ಲಿ ಕ್ರಿಸ್‌ಮಸ್ ಹತ್ತಿರ ಬಂದಾಗ ಪಿ.ಟಿ. ಪೀರಿಯಡ್‌ನಲ್ಲೇ ಇದನ್ನು ಕಲಿಸುತ್ತಾರೆ. ಸಂಗೀತ ಶುರುವಾಗುವ ಮುಂಚೆ ಕಾಲರ್ ಒಂದು ಸಲ ನಡೆಸಿಯೂ ತೋರಿಸುತ್ತಾರೆ. ಆಗ ಹರಟೆ ಬಿಟ್ಟು ಗಮನ ಕೊಡಿ.

ತಿರುಗುವಾಗ ಇಬ್ಬರ ಬಲಪಾದಗಳೂ ಪಕ್ಕಪಕ್ಕ ಇರಲಿ, ಎಡಗಾಲಲ್ಲಿ ನೆಲ ತಳ್ಳಿ. ಎದುರಿನವರ ಮುಖ ನೋಡುತ್ತಿದ್ದರೆ ತಲೆಸುತ್ತು ಕಡಿಮೆ. ಸೊಂಟ ಹಿಡಿಯುವುದು ಬೇಡ ಅನಿಸಿದರೆ ಎರಡೂ ಕೈ ಅಡ್ಡ ಮಾಡಿ ಮುಂದೆ ಚಾಚಿ. ಕೈ ಕೈ ಹಿಡಿದೂ ತಿರುಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಸೀರೆ ಹತ್ತಿಯದ್ದಾದರೆ ಒಳ್ಳೆಯದು, ಜಾರುವ ಬಟ್ಟೆ ಬೇಡ. ಪಾದ ಕಾಣುವಷ್ಟು ಮೇಲೆ ಉಡಿ. ನೆರಿಗೆಗೂ ಭುಜಕ್ಕೂ ಪಿನ್ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಹಿಮ್ಮಡಿ ಎತ್ತರದ ಚಪ್ಪಲಿ ಬಿಟ್ಟು ಕಾಲಿಗೆ ಬಿಗಿಯಾಗಿ ಕೂರುವ ಚಪ್ಪಟೆ ಶೂ ಹಾಕಿ. ಗಾಜಿನ ಬಳೆ ಮನೆಯಲ್ಲೇ ಬಿಡಿ, ಒಡೆದರೆ ಎದುರಿನವರ ಕೈಗೂ ಗಾಯ. ಸ್ಟ್ರಿಪ್ ದ ವಿಲೋ ಎಂಬ ಕುಣಿತ ಒಂದನ್ನು ಮಾತ್ರ ಸೀರೆಯಲ್ಲಿ ಕುಣಿಯಬೇಡಿ. ಮೊಣಕೈ ಕೊಂಡಿ ಹಾಕಿ ಸಾಲುದ್ದಕ್ಕೂ ರಭಸದಿಂದ ತಿರುಗಿಸುತ್ತಾರೆ. ಅದು ಬಂದಾಗ ಆರಾಮಾಗಿ ನೀರು ಕುಡಿಯಿರಿ.