ವಾಹನ ಪ್ರಶ್ನೋತ್ತರ: ದಿನದ ಓಡಾಟಕ್ಕೆ ಹಳೆಯ ಕಾರು, ಆದರೆ ಓಡಿಸಲು ಹುರುಪಿರಬೇಕು

ಪ್ರಶ್ನೆ: ಮಾನ್ಯರೇ, ನಾನು ಭದ್ರಾವತಿಯಲ್ಲಿದ್ದು ಶಿವಮೊಗ್ಗದ ಕಾಲೇಜೊಂದರಲ್ಲಿ ಉಪನ್ಯಾಸಕನಾಗಿದ್ದೇನೆ. ದಿನವೂ ಹೋಗಿಬರಲು ಸುಮಾರು 40 ಕಿ.ಮೀ. ಆಗುತ್ತದೆ. ತಿಂಗಳಿಗೊಮ್ಮೆ ಹೆಂಡತಿ ಮತ್ತು ಆರು ವರ್ಷದ ಮಗಳ ಜೊತೆ ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಉಡುಪಿಗೆ ಹೋಗುತ್ತೇನೆ. ಕೈಯಲ್ಲಿ 5 ಲಕ್ಷ ರೂಪಾಯಿ ಇದೆ. ಸಾಲ ಮಾಡುವ ಮನಸ್ಸಿಲ್ಲ. ನನಗೆ ಕಾರು ಓಡಿಸುವುದೆಂದರೆ ನಿಜವಾಗಿ ಇಷ್ಟ. ಗೆಳೆಯರೊಬ್ಬರು ಪೋಲೊ ಜಿಟಿ ಟಿಎಸ್‌ಐ ಕೊಳ್ಳಿ ಎನ್ನುತ್ತಾರೆ, ಮನೆಯವರು ಸ್ವಿಫ್ಟ್ ಸಾಕು ಎನ್ನುತ್ತಾರೆ, ನಮ್ಮ ಮೆಕ್ಯಾನಿಕ್ ಫಿಗೊ ಡೀಸೆಲ್ ನೋಡಿ ಎನ್ನುತ್ತಾರೆ. ನೀವು ಏನು ಹೇಳುತ್ತೀರಿ?
– ಓದುಗರು, ಭದ್ರಾವತಿ

ಉತ್ತರ: ಮೂವರೂ ನಿಮಗೆ ಕೆಟ್ಟ ಸಲಹೆ ಕೊಟ್ಟಿಲ್ಲ. ಆದರೆ ಅವರೆಲ್ಲ ಮಾದರಿಯ ಹೆಸರು ಹೇಳುತ್ತಿದ್ದಾರೆ. ಹಳೆಯ ಕಾರು ಕೊಳ್ಳುವವರು ಕೊಳ್ಳುವುದು ಒಂದು ಮಾದರಿಯನ್ನಲ್ಲ, ಯಾರೋ ಒಬ್ಬರು ಏಳೆಂಟು ವರ್ಷ ಓಡಿಸಿದ ಒಂದು ನಿರ್ದಿಷ್ಟ ಗಾಡಿಯನ್ನು. ಚೆನ್ನಾಗಿ ನೋಡಿಕೊಂಡ ಸಾಧಾರಣ ಎಂಜಿನ್ನಿನ ಸಣ್ಣ ಕಾರು, ಬುಷ್‌ಗಳು (ಸಸ್ಪೆನ್ಷನ್ನಿನ ರಬ್ಬರ್ ಮೆತ್ತೆಗಳು) ಸವೆದು ಶಾಕ್ ಅಬ್ಸಾರ್ಬರ್ ಸೋರುತ್ತಿರುವ ಶಕ್ತಿವಂತ ಕಾರಿಗಿಂತ ತಿರುವಿನಲ್ಲಿ ಹೆಚ್ಚು ಸಂತೋಷ ಕೊಡುತ್ತದೆ. ಆದ್ದರಿಂದ ನಿಮ್ಮ 5 ಲಕ್ಷದಲ್ಲಿ ಕಾರಿಗೆ ನಾಲ್ಕೂಕಾಲರಿಂದ ನಾಲ್ಕೂವರೆ ಲಕ್ಷ ಮಾತ್ರ ಇಟ್ಟುಕೊಳ್ಳಿ. ಉಳಿದದ್ದು ಟೈರ್, ಬ್ರೇಕ್, ಸಸ್ಪೆನ್ಷನ್, ವಿಮೆ ಮತ್ತು ಹೆಸರು ವರ್ಗಾವಣೆಗೆ ಬೇಕಾಗುತ್ತದೆ.

ಓಡಿಸುವ ಖುಷಿ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. 2018ರ ಫೆಬ್ರುವರಿಯಲ್ಲಿ ಬಂದ ಮೂರನೇ ತಲೆಮಾರಿನ ಸ್ವಿಫ್ಟ್‌ನ 1.2 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಇರುವುದು 83 ಅಶ್ವಶಕ್ತಿ. ಆದರೆ ಗಾಡಿಯ ತೂಕ 900 ಕೆ.ಜಿ.ಗಿಂತ ಕಡಿಮೆ. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐಗೆ 105 ಅಶ್ವಶಕ್ತಿ ಇದೆ, ತೂಕ ಸುಮಾರು 1,100 ಕೆ.ಜಿ. ಎರಡನ್ನೂ ತೂಕದಿಂದ ಭಾಗಿಸಿದರೆ ಟನ್ನಿಗೆ ಸಿಗುವ ಶಕ್ತಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಟಾರ್ಕ್‌ನಲ್ಲಿ, ಅಂದರೆ ಎಂಜಿನ್ನಿನ ತಿರುಗಿಸುವ ಬಲದಲ್ಲಿ. ಸ್ವಿಫ್ಟ್‌ಗೆ 113 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 4,000 ಸುತ್ತು (ಆರ್‌ಪಿಎಂ) ದಾಟಿದ ಮೇಲೆ. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಪೋಲೊಗೆ 175, ಅದೂ ಎಂಜಿನ್ ಇನ್ನೂ ಮೆಲ್ಲಗೆ ತಿರುಗುತ್ತಿರುವಾಗಲೇ. ಅಂದರೆ ಪೋಲೊ ತಾನಾಗಿಯೇ ಎಳೆದುಕೊಂಡು ಹೋಗುತ್ತದೆ, ಸ್ವಿಫ್ಟ್‌ನಲ್ಲಿ ನೀವೇ ಗೇರ್ ಇಳಿಸಿ ಎಂಜಿನ್ನನ್ನು ಮೇಲಕ್ಕೆ ತರಬೇಕು. ಓಡಿಸುವುದನ್ನು ಇಷ್ಟಪಡುವವರಿಗೆ ಈ ಕೆಲಸವೇ ಸಂತೋಷ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಊರಿನ ವೇಗದಲ್ಲಿಯೂ, ಯಾವ ನಿಯಮ ಮೀರದೆಯೂ ಅದನ್ನು ಅನುಭವಿಸಬಹುದು.

ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ನೀವು ಬಲ್ಲಿರಿ. ಸೋಮೇಶ್ವರದ ಕಡೆಯಿಂದ ಹತ್ತುವಾಗ ತಿರುವಿನ ಒಳಗಡೆ ವೇಗ ಎಷ್ಟು ಕುಸಿಯುತ್ತದೆಂದರೆ ಎರಡನೇ ಗೇರ್‌ನಲ್ಲಿದ್ದರೂ ಸಣ್ಣ ಪೆಟ್ರೋಲ್ ಎಂಜಿನ್ ಉಸಿರು ಕಟ್ಟಿದಂತೆ ನರಳುತ್ತದೆ. ಅಲ್ಲಿ ಸಂಕೋಚವಿಲ್ಲದೆ ಮೊದಲ ಗೇರ್‌ಗೆ ಬರಬೇಕು. ಮೂವರು ಕುಳಿತು, ಎ.ಸಿ. ಹಾಕಿ, ಡಿಕ್ಕಿಯಲ್ಲಿ ಸಾಮಾನಿದ್ದಾಗ ಡೀಸೆಲ್ ಫಿಗೊ ಇದೇ ಜಾಗದಲ್ಲಿ ಮೇಲುಗೈ ಸಾಧಿಸುತ್ತದೆ. 2015ರ ನಂತರದ ಫಿಗೊದ 1.5 ಲೀಟರ್ ಡೀಸೆಲ್‌ಗೆ 100 ಅಶ್ವಶಕ್ತಿ, 215 ನ್ಯೂಟನ್ ಮೀಟರ್ ಟಾರ್ಕ್ ಇದೆ. ಸ್ಟೀರಿಂಗಿನ ಹಿಡಿತವೂ ಚೆನ್ನಾಗಿದೆ. ನಿಮ್ಮ ಮೆಕ್ಯಾನಿಕ್ ಅದನ್ನು ಸೂಚಿಸಿದ್ದು ಅನುಭವದಿಂದಲೇ ಇರಬೇಕು. ಆದರೆ ಫಿಗೊ ತಯಾರಿಸುತ್ತಿದ್ದ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಸರ್ವಿಸ್ ಮತ್ತು ಬಿಡಿಭಾಗಗಳ ವ್ಯವಸ್ಥೆ ಮುಂದುವರಿದಿದ್ದರೂ, ಬಂಪರ್, ಹೆಡ್‌ಲೈಟ್‌ನಂಥ ಭಾಗಗಳಿಗೆ ನಿಮ್ಮ ಊರಿನಲ್ಲಿ ಎಷ್ಟು ದಿನ ಕಾಯಬೇಕಾಗುತ್ತದೆ ಎಂದು ಕೊಳ್ಳುವ ಮೊದಲೇ ವರ್ಕ್‌ಶಾಪಿನಲ್ಲಿ ಕೇಳಿ ತಿಳಿಯಿರಿ. ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ (ಒಳಭಾಗಗಳ ಚಲನೆಯನ್ನು ಹೊಂದಿಸುವ ಪಟ್ಟಿ) ಇದೆ ಎಂಬುದನ್ನೂ ಮರೆಯಬೇಡಿ. ಅದನ್ನು ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿಸಿ.

ಗೆಳೆಯರು ಹೇಳಿದ ಪೋಲೊ ಜಿಟಿ ಟಿಎಸ್‌ಐ ನನಗೂ ಬಹಳ ಇಷ್ಟವಾದ ಕಾರು. ಆದರೂ ನಿಮಗೆ ಬೇಡ ಎನ್ನುತ್ತೇನೆ. ಅದರ ಏಳು ಗೇರ್‌ಗಳ, ತಾನೇ ಗೇರ್ ಬದಲಿಸುವ ಡಿಎಸ್‌ಜಿ ಗೇರ್‌ಬಾಕ್ಸ್ ಎರಡು ಒಣ ಕ್ಲಚ್‌ಗಳನ್ನು ಬಳಸುತ್ತದೆ, ಅವುಗಳನ್ನು ನಡೆಸುವ ಮೆಕಾಟ್ರಾನಿಕ್ ಘಟಕ ಕೆಟ್ಟರೆ ನೀವು ಕೂಡಿಟ್ಟ ಹಣದ ದೊಡ್ಡ ಪಾಲು ಒಂದೇ ಸಲಕ್ಕೆ ಹೋಗಬಹುದು. ಸಾಲವಿಲ್ಲದೆ ನಡೆಯಬೇಕು ಎನ್ನುವವರು ಅಂಥ ಅಪಾಯವನ್ನು ಹೊತ್ತುಕೊಳ್ಳಬಾರದು. ಪೋಲೊನೇ ಬೇಕೆಂದರೆ ಐದು ಗೇರ್‌ಗಳ ಮ್ಯಾನ್ಯುಯಲ್ ಇರುವ 1.5 ಲೀಟರ್ ಡೀಸೆಲ್ ನೋಡಬಹುದು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ನಿಮ್ಮ ಜೊತೆ ಮಗು ಇರುತ್ತದೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಢಿಕ್ಕಿ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗ್‌ಗಳಿದ್ದ ಪೋಲೊ 2014ರಲ್ಲಿ ವಯಸ್ಕರ ರಕ್ಷಣೆಗೆ ನಾಲ್ಕು ತಾರೆ ಪಡೆಯಿತು. 2018ರಲ್ಲಿ ಪರೀಕ್ಷಿಸಲಾದ ಸ್ವಿಫ್ಟ್‌ಗೆ ಸಿಕ್ಕಿದ್ದು ಎರಡು. ಏರ್‌ಬ್ಯಾಗ್ ಇಲ್ಲದ ಹಿಂದಿನ ತಲೆಮಾರಿನ ಸ್ವಿಫ್ಟ್‌ಗೆ 2014ರಲ್ಲಿ ಒಂದು ತಾರೆಯೂ ಬಂದಿರಲಿಲ್ಲ. ಆದ್ದರಿಂದ ಎಷ್ಟೇ ಅಗ್ಗವಾಗಿ ಸಿಕ್ಕರೂ ಏರ್‌ಬ್ಯಾಗ್ ಮತ್ತು ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಎಲ್‌ಎಕ್ಸ್‌ಐ (ಕೆಳ ಆವೃತ್ತಿಯ) ಕಾರುಗಳ ಕಡೆ ತಿರುಗಿಯೂ ನೋಡಬೇಡಿ. 2018ರ ಮಾದರಿಯಲ್ಲಿ ಮುಂದಿನ ಎರಡು ಏರ್‌ಬ್ಯಾಗ್, ಎಬಿಎಸ್ ಮತ್ತು ಮಗುವಿನ ಆಸನ ಬಿಗಿಯುವ ಐಸೊಫಿಕ್ಸ್ ಕೊಂಡಿಗಳು ಎಲ್ಲ ಆವೃತ್ತಿಗಳಲ್ಲಿಯೂ ಇವೆ. ಮಗಳಿಗೆ ಒಂದು ಬೂಸ್ಟರ್ ಆಸನವನ್ನು ಕಾರಿನ ಜೊತೆಯಲ್ಲಿಯೇ ಕೊಳ್ಳಿ.

ಇವೆಲ್ಲವನ್ನೂ ತೂಗಿ ನೋಡಿದಾಗ, ನಿಮ್ಮ ಓಡಾಟದ ಬಹುಪಾಲು ಭದ್ರಾವತಿ–ಶಿವಮೊಗ್ಗ ನಡುವೆಯೇ ಆಗುವುದರಿಂದ, 2018 ಅಥವಾ 2019ರ ಸ್ವಿಫ್ಟ್ ಪೆಟ್ರೋಲ್ ಮ್ಯಾನ್ಯುಯಲ್ ನನ್ನ ಮೊದಲ ಆಯ್ಕೆ. ಸುರಕ್ಷತೆಯ ಅಂಕವೇ ನಿಮಗೆ ಎಲ್ಲಕ್ಕಿಂತ ಮುಖ್ಯವಾದರೆ, ಖರ್ಚು ಹೆಚ್ಚೆಂದು ತಿಳಿದೇ, ಮೇಲೆ ಹೇಳಿದ ಡೀಸೆಲ್ ಪೋಲೊ ಕಡೆಗೆ ಹೋಗಿ. ಆ ತೀರ್ಮಾನವನ್ನು ನಾನು ತಪ್ಪು ಎನ್ನಲಾರೆ.

ಇನ್ನು ಗಾಡಿ ನೋಡುವ ಬಗ್ಗೆ. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಬರುತ್ತೇನೆಂದು ಮೊದಲೇ ತಿಳಿಸಿ. ಹೋದಾಗ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಹೋಗಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವ ಮೊದಲ ಕ್ಷಣಗಳಲ್ಲಿ ಬರುವ ಸದ್ದು ಮತ್ತು ಹೊಗೆ, ಆಮೇಲಿನ ಅರ್ಧ ಗಂಟೆಯ ಓಡಾಟಕ್ಕಿಂತ ಹೆಚ್ಚು ತಿಳಿಸುತ್ತವೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ ಎಂದು ಅರ್ಥ. ಬಾನೆಟ್ ಮತ್ತು ಫೆಂಡರ್‌ಗಳ ಬೋಲ್ಟ್‌ಗಳ ಮೇಲಿನ ಬಣ್ಣ ಕಿತ್ತಿದ್ದರೆ ಅವನ್ನು ಒಮ್ಮೆ ಬಿಚ್ಚಿದ್ದಾರೆ. ಏಕೆ ಎಂದು ಕೇಳಿ. ಎಲ್ಲ ಗಾಜುಗಳ ಮೂಲೆಯಲ್ಲಿರುವ ಕಂಪನಿಯ ಗುರುತು ಒಂದೇ ಆಗಿದೆಯೇ ನೋಡಿ. ಸ್ಟೆಪ್ನಿ ಎತ್ತಿ ಅದರ ಕೆಳಗಿನ ತಗಡನ್ನು ಪರೀಕ್ಷಿಸಿ, ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಅದರ ಮಡಿಕೆಗಳಲ್ಲಿ ಕೆಸರಿನ ಗೆರೆ ಇದೆಯೇ ಗಮನಿಸಿ. 2018 ಮತ್ತು 2019ರಲ್ಲಿ ಕೊಡಗಿನಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನೀರು ನುಗ್ಗಿ ಕಾರುಗಳು ಮುಳುಗಿದ್ದು ನೆನಪಿರಬಹುದು. ಅಂಥ ಗಾಡಿಗಳನ್ನು ತೊಳೆದು ಒರೆಸಿ ಮಾರುವವರು ಸೀಟ್ ಬೆಲ್ಟಿನ ಸುರುಳಿಯ ಒಳಗಿನವರೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಹಾಗೆಯೇ ಕೆಎ-19, ಕೆಎ-20 ನೋಂದಣಿಯ ಕರಾವಳಿ ಕಾರುಗಳ ತಳಭಾಗದ ತುಕ್ಕನ್ನು ಕಡ್ಡಾಯವಾಗಿ ರ‍್ಯಾಂಪ್ ಮೇಲೆ ಹತ್ತಿಸಿಯೇ ನೋಡಬೇಕು.

ಓಡಿಸಿ ನೋಡುವಾಗ ಮ್ಯೂಸಿಕ್ ಸಿಸ್ಟಂ ಆರಿಸಿ, ಕಿಟಕಿ ಇಳಿಸಿ. ನಾಲ್ಕನೇ ಗೇರ್‌ನಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಹಂಪ್ ಮೇಲೆ ಮುಂಭಾಗದಿಂದ ಕಟಕಟ ಎಂದರೆ ಅದು ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ ಬುಷ್ ಇರಬಹುದು. ಇವು ದೊಡ್ಡ ಖರ್ಚಿನವಲ್ಲ, ಬೆಲೆ ಇಳಿಸಲು ಸಾಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 3219 ಎಂದರೆ 2019ರ 32ನೇ ವಾರದಲ್ಲಿ ತಯಾರಾದದ್ದು. ಗೆರೆ ಎಷ್ಟೇ ಆಳವಾಗಿದ್ದರೂ ಆರು ವರ್ಷ ದಾಟಿದ ಟೈರನ್ನು ಮಲೆನಾಡಿನ ಮಳೆಯಲ್ಲಿ ನಂಬಬೇಡಿ. ನಾಲ್ಕೂ ಹೊಸ ಟೈರ್ ಹಾಕಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಬ್ರೇಕ್ ಆಯಿಲ್ ಬದಲಿಸಿದ ದಿನ ನಿಮ್ಮ ಕಾರು ಎಷ್ಟು ಬೇರೆಯಾಗಿ ಓಡುತ್ತದೆ ಎಂಬುದು ನಿಮಗೇ ಆಶ್ಚರ್ಯವಾಗುತ್ತದೆ. ಬ್ರೇಕ್ ಆಯಿಲ್ ತೇವಾಂಶ ಹೀರುತ್ತದೆ. ಹಳೆಯದಾದರೆ ಘಾಟಿ ಇಳಿಯುವಾಗ ಬಿಸಿಗೆ ಕುದಿದು ಪೆಡಲ್ ಮೆತ್ತಗಾಗಬಹುದು. ಇಳಿಯುವಾಗ ಎರಡನೇ ಗೇರ್‌ನಲ್ಲಿಯೇ ಇರಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ.

ಸೈಲೆನ್ಸರ್ ಬದಲಿಸಿದ, ಎಂಜಿನ್ನಿನ ಸಾಫ್ಟ್‌ವೇರ್ ತಿದ್ದಿಸಿದ ಕಾರುಗಳಿಂದ ದೂರವಿರಿ. ಅವುಗಳನ್ನು ಹೇಗೆ ಓಡಿಸಿದ್ದಾರೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ದೆಹಲಿಯಲ್ಲಿ ನೋಂದಣಿಯಾದ 2016ರ ಡೀಸೆಲ್ ಹ್ಯಾಚ್‌ಬ್ಯಾಕ್ ಒಂದು ಇಲ್ಲಿನ ಬೆಲೆಗಿಂತ ಒಂದು ಲಕ್ಷ ರೂಪಾಯಿ ಕಡಿಮೆಗೆ ಸಿಗುತ್ತಿದೆ. ಭಾವನವರು ತರಿಸೋಣ ಎನ್ನುತ್ತಿದ್ದಾರೆ. ತರಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲಿ ಅದು ಅಗ್ಗವಾಗಲು ಕಾರಣವಿದೆ. ಹತ್ತು ವರ್ಷ ದಾಟಿದ ಡೀಸೆಲ್ ಮತ್ತು ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳು ದೆಹಲಿ ವಲಯದಲ್ಲಿ ಓಡಬಾರದೆಂಬ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿತ್ತು, 2025ರಲ್ಲಿ ಅದರ ಬಿಗಿಯನ್ನು ಸಡಿಲಿಸಿತು. ಆ ಆದೇಶದಿಂದಾಗಿ ಗಡುವು ಸಮೀಪಿಸಿದ ಕಾರುಗಳು ದಕ್ಷಿಣಕ್ಕೆ ಬರತೊಡಗಿದವು. ಆದರೆ ಇಲ್ಲಿ ಅದನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಲು ಅಲ್ಲಿಯ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ (ನಮೂನೆ 28) ಬೇಕು, ಕಾರಿನ ಮೇಲೆ ಸಾಲವಿದ್ದಿದ್ದರೆ ಬ್ಯಾಂಕಿನಿಂದ ನಮೂನೆ 35 ಬೇಕು, ಅದರ ಮೇಲೆ ಕಾರಿನ ಮೂಲ ಬೆಲೆ ಮತ್ತು ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ತೆರಿಗೆ, ಸಾಗಣೆ, ಮರುನೋಂದಣಿ ಮತ್ತು ಏಜೆಂಟರ ಖರ್ಚು ಸೇರಿದರೆ ನಿಮ್ಮ ಒಂದು ಲಕ್ಷದ ಉಳಿತಾಯದಲ್ಲಿ ಹೆಚ್ಚೇನೂ ಉಳಿಯಲಾರದು. ಮುಂದೆ ಮಾರುವಾಗಲೂ ಹೊರರಾಜ್ಯದ ಗಾಡಿ ಎಂದು ಬೆಲೆ ಇಳಿಸುತ್ತಾರೆ. ಧಾರವಾಡ, ಬೆಳಗಾವಿ ನೋಂದಣಿಯ ಕಾರನ್ನೇ ಹುಡುಕಿ. ಮಾಲೀಕರ ಮನೆಗೆ ಹೋಗಿ ನೋಡುವ ಅವಕಾಶವೂ ನಿಮಗೆ ಸಿಗುತ್ತದೆ.

ರಾಜ್ಯದೊಳಗೇ ಕೊಂಡರೆ ಮಾರುವವರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಳ್ಳುವವರು 30 ದಿನಗಳೊಳಗೆ ಅರ್ಜಿ ಹಾಕಬೇಕು. ನಮೂನೆ 29 ಮತ್ತು 30 ಇದಕ್ಕಾಗಿಯೇ ಇವೆ. ವಿಮೆಯನ್ನು ನಿಮ್ಮ ಹೆಸರಿಗೆ ಬದಲಿಸಲು 14 ದಿನ ಮಾತ್ರ ಇದೆ. ಹಿಂದಿನವರ ನೋ ಕ್ಲೇಮ್ ಬೋನಸ್ (ವಿಮೆ ಪರಿಹಾರ ಕೇಳದಿದ್ದಕ್ಕೆ ಸಿಗುವ ರಿಯಾಯಿತಿ) ಅವರ ಜೊತೆಯೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಬಾಕಿ ಇರುವ ಸಂಚಾರ ದಂಡವನ್ನು ಮುಂಗಡ ಕೊಡುವ ಮೊದಲೇ ನೋಂದಣಿ ಸಂಖ್ಯೆ ಹಾಕಿ ಪರಿಶೀಲಿಸಿ.

ಪ್ರಶ್ನೆ: ಮೈಸೂರಿನಲ್ಲಿ ಕಚೇರಿಗೆ ದಿನಕ್ಕೆ 4 ಕಿ.ಮೀ. ಮಾತ್ರ ಓಡಿಸುತ್ತೇನೆ. ಮಂಡಿನೋವಿನಿಂದಾಗಿ ಆಟೊಮ್ಯಾಟಿಕ್ ಬೇಕು. ಆಟೊಮ್ಯಾಟಿಕ್ ಆದರೆ ಓಡಿಸುವ ಸಂತೋಷವನ್ನು ಬಿಟ್ಟುಕೊಡಬೇಕೆ?
– ಓದುಗರು, ಮೈಸೂರು

ಉತ್ತರ: ಬಿಟ್ಟುಕೊಡಬೇಕಾಗಿಲ್ಲ, ಮೇಡಂ. ಆಟೊಮ್ಯಾಟಿಕ್‌ಗಳಲ್ಲಿ ಒಂದು ಬಗೆಯಾದ ಎಎಂಟಿ ಎಂಬುದು ಮೂಲತಃ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ನಿಮ್ಮ ಕಾಲಿನ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಆದ್ದರಿಂದಲೇ ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಸಾಮಾನ್ಯ ಓಡಾಟಕ್ಕೆ ಅಡ್ಡಿಯಿಲ್ಲ, ಹುರುಪಿನ ಚಾಲನೆಗೆ ಅದು ನಿಧಾನ. ನೀವು 2015ರ ನಂತರದ ಹೋಂಡಾ ಜಾಝ್ ಪೆಟ್ರೋಲ್ ಸಿವಿಟಿ (ಗೇರ್ ಹಂತಗಳಿಲ್ಲದ ಆಟೊಮ್ಯಾಟಿಕ್) ನೋಡಿ. ನುಣುಪಾಗಿ ಓಡುತ್ತದೆ, ಸ್ಟೀರಿಂಗಿನ ಹಿಂದಿರುವ ಪ್ಯಾಡಲ್‌ಗಳಿಂದ ನಿಮಗೆ ಬೇಕಾದಾಗ ಗೇರ್ ಇಳಿಸಿದಂತೆ ಎಂಜಿನ್ನನ್ನು ಮೇಲಕ್ಕೆ ತರಬಹುದು, ಆಸನ ಎತ್ತರವಾಗಿರುವುದರಿಂದ ಹತ್ತಿ ಇಳಿಯಲು ಮಂಡಿಗೆ ಹಿತ. ಸಿವಿಟಿ ಆಯಿಲ್ ಬದಲಿಸಿದ ದಾಖಲೆ ಕೇಳಿ ಪಡೆಯಿರಿ. ಡೀಸೆಲ್ ಮಾತ್ರ ಬೇಡ: ಬಿಎಸ್-6 (ಹೊಸ ಹೊಗೆ ಮಾನದಂಡದ) ಡೀಸೆಲ್ ಕಾರುಗಳ ಹೊಗೆಕೊಳವೆಯ ಫಿಲ್ಟರ್‌ನಲ್ಲಿ ಕೂಡುವ ಮಸಿಯನ್ನು ಸುಟ್ಟು ಹಾಕಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ದೂರ ಓಡಬೇಕು, ನಿಮ್ಮ ನಾಲ್ಕು ಕಿಲೋಮೀಟರಿನಲ್ಲಿ ಅದು ಆಗುವುದಿಲ್ಲ. ಪೆಟ್ರೋಲ್ ಕಾರನ್ನೂ ವಾರಕ್ಕೊಮ್ಮೆ ಶ್ರೀರಂಗಪಟ್ಟಣದವರೆಗೆ ಓಡಿಸಿಕೊಂಡು ಬಂದರೆ ಬ್ಯಾಟರಿಗೂ ಎಂಜಿನ್ನಿಗೂ ಒಳ್ಳೆಯದು.