ಪದಕ ತಿಕ್ಕಬೇಡಿ, ಅಂಚು ಓದಿ

ಓದುಗರ ಪತ್ರ (ಚಿತ್ತಾಪುರ ತಾಲ್ಲೂಕಿನಿಂದ): ನಮ್ಮ ಮುತ್ತಜ್ಜ ಮೊದಲ ಮಹಾಯುದ್ಧಕ್ಕೆ ಹೋಗಿದ್ದರು, ಅವರ ಮಗ, ಅಂದರೆ ನಮ್ಮಜ್ಜ, ಎರಡನೆಯದಕ್ಕೆ. ಟ್ರಂಕಿನಲ್ಲಿ ಆರು ಪದಕಗಳು ಒಂದೇ ಪಟ್ಟಿಗೆ ಹೊಲಿದಂತೆ ಸಿಕ್ಕಿವೆ. ಫೋಟೊ ಕಳಿಸಿದ್ದೇನೆ. ಒಂದರ ಅಂಚಿನಲ್ಲಿ ‘20’, ‘ಹಾರ್ಸ್’ ಎಂದಷ್ಟೇ ಓದಲು ಬರುತ್ತದೆ. ಯಾವುದು ಯಾರದು? ಹುಣಸೆಹಣ್ಣು ಹಚ್ಚಿ ತೊಳೆದು ಫ್ರೇಮು ಹಾಕಿಸಬಹುದೇ? ಅವರು ಎಲ್ಲಿ ಹೋರಾಡಿದರೆಂದು ಎಲ್ಲಿ ವಿಚಾರಿಸಬೇಕು?

ಸಂಪಾದಕರ ಉತ್ತರ: ಹುಣಸೆಹಣ್ಣನ್ನು ಅಡುಗೆಮನೆಯಲ್ಲೇ ಬಿಡಿ. ಪದಕದಲ್ಲಿ ಬೆಲೆಬಾಳುವುದು ಹೊಳಪಲ್ಲ, ಅಂಚಿನಲ್ಲಿ ಒತ್ತಿದ ಸಂಖ್ಯೆ, ಹುದ್ದೆ, ಹೆಸರು, ಪಡೆ. ಹುಳಿ, ಬೂದಿ, ಬ್ರಾಸೊ ಎಲ್ಲವೂ ಮೊದಲು ತಿನ್ನುವುದು ಅದನ್ನೇ. ನಿಮ್ಮ ಮುತ್ತಜ್ಜನ ಹೆಸರು ಅರ್ಧ ಸವೆದದ್ದೂ ಹಿಂದೆ ಯಾರೋ ಪ್ರೀತಿಯಿಂದ ತಿಕ್ಕಿದ್ದರಿಂದಲೇ ಇರಬೇಕು. ಅಕ್ಷರಗಳ ಸಂದಿಯಲ್ಲಿ ಕೂತಿರುವ ಬಿಳಿ ಪುಡಿ ಹಳೆಯ ಪಾಲಿಶ್.

ಫೋಟೊದಲ್ಲಿ ಕುದುರೆ ಸವಾರನಿರುವ ದುಂಡನೆಯದು ಬ್ರಿಟಿಷ್ ವಾರ್ ಮೆಡಲ್. ಆರರಲ್ಲಿ ಬೆಳ್ಳಿಯದು ಇದೊಂದೇ. 1979-80ರಲ್ಲಿ ಬೆಳ್ಳಿ ಬೆಲೆ ಏರಿದಾಗ ಇಂಥವು ಎಷ್ಟೋ ಮೂಸೆ ಸೇರಿದವು, ಆದ್ದರಿಂದ ತೂಕ ಮಾಡಿಸಲೆಂದು ಸರಾಫ ಬಜಾರಿಗೆ ಒಯ್ಯಬೇಡಿ. ರೆಕ್ಕೆಯ ದೇವತೆ ಇರುವುದು ವಿಕ್ಟರಿ ಮೆಡಲ್, ಕಾಮನಬಿಲ್ಲಿನ ರಿಬ್ಬನ್ನು ಅದರದ್ದು. ಇವೆರಡೂ ಮುತ್ತಜ್ಜನವು. ಉಳಿದ ನಾಲ್ಕು ಅಜ್ಜನವು: 1939-45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್, ಭಾರತದ ನಕ್ಷೆ ಇರುವ ಇಂಡಿಯಾ ಸರ್ವಿಸ್ ಮೆಡಲ್. ಕೊನೆಯ ಎರಡು ಬೆಳ್ಳಿಯಂತೆ ಕಂಡರೂ ತಾಮ್ರ-ನಿಕ್ಕಲ್ ಮಿಶ್ರಲೋಹ. ಎರಡನೇ ಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು, ಭಾರತೀಯರಿಗೆ ಹೆಸರು ಒತ್ತಿ ಕೊಟ್ಟರು. ಸ್ಟಾರುಗಳ ಹಿಂಬದಿ ತಿರುಗಿಸಿ ನೋಡಿ.

ಆದರೆ ನಮ್ಮ ಕಣ್ಣು ನಿಂತದ್ದು ಪಟ್ಟಿಯ ಎಡ ತುದಿಯಲ್ಲಿ. ಅಲ್ಲಿ ಕೆಂಪು, ಬಿಳಿ, ನೀಲಿ ಒಂದರೊಳಗೊಂದು ಕರಗಿದಂತಿರುವ, ಅಲೆಅಲೆಯ ಹೊಳಪಿನ ರೇಷ್ಮೆ ರಿಬ್ಬನ್ನಿನ ತುಂಡಿದೆ, ಅದಕ್ಕೆ ಪದಕವಿಲ್ಲ. ಅದು ಮೊದಲ ಯುದ್ಧದ ಕಂಚಿನ ಸ್ಟಾರಿನ ರಿಬ್ಬನ್ನು. ಸ್ಟಾರ್ ಕಳೆದಿದೆ, ಅಂದರೆ ಮುತ್ತಜ್ಜ 1915 ಮುಗಿಯುವ ಮುಂಚೆಯೇ ರಣರಂಗದಲ್ಲಿದ್ದರು. 1914ರ ಸ್ಟಾರಿಗೂ 1914-15ರ ಸ್ಟಾರಿಗೂ ರಿಬ್ಬನ್ನು ಒಂದೇ ಆದ್ದರಿಂದ ಯಾವುದೆಂದು ತುಂಡು ಹೇಳದು. ಮೊದಲನೆಯದು 1914ರ ಆಗಸ್ಟ್ 5ರಿಂದ ನವೆಂಬರ್ 22ರೊಳಗೆ ಫ್ರಾನ್ಸ್ ಅಥವಾ ಬೆಲ್ಜಿಯಂನಲ್ಲಿದ್ದವರಿಗೆ ಮಾತ್ರ. ಟ್ರಂಕಿನ ತಳ, ಹಳೆಯ ಸಮವಸ್ತ್ರದ ಜೇಬು ಹುಡುಕಿ. ಆ ತುಂಡನ್ನಂತೂ ಬಿಸಾಡಬೇಡಿ.

‘20’ ಮತ್ತು ‘ಹಾರ್ಸ್’ ಎಂದರೆ 20ನೇ ಡೆಕ್ಕನ್ ಹಾರ್ಸ್. ದಖನಿ ಮುಸ್ಲಿಮರು, ಸಿಖ್ಖರು, ಜಾಟರು ಇದ್ದ ಅಶ್ವದಳ. 1916ರ ಜುಲೈ 14ರಂದು ಫ್ರಾನ್ಸಿನ ಸೋಮ್ ಕದನದ ಹೈವುಡ್ ಕಾಡಿನ ಬಳಿ ಈಟಿ ಹಿಡಿದು ನುಗ್ಗಿತು, 1918ರಲ್ಲಿ ಪ್ಯಾಲೆಸ್ಟೈನಿಗೆ ಹೋಯಿತು. ಇದನ್ನು ನಿಜಾಮರ ಹೈದರಾಬಾದ್ ಲ್ಯಾನ್ಸರ್ಸ್ ಎಂದು ತಿಳಿಯುವ ತಪ್ಪು ನಮ್ಮ ಭಾಗದಲ್ಲಿ ಆಗುತ್ತಲೇ ಇರುತ್ತದೆ. ಅದು ಸಂಸ್ಥಾನದ ಪಡೆ, ಮೈಸೂರು, ಜೋಧಪುರ ದಳಗಳ ಜತೆ ದಿಲ್ಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತಿರುವುದು ಅದರ ಸವಾರ. ಡೆಕ್ಕನ್ ಹಾರ್ಸ್ ಮುಂದೆ 29ನೇ ಲ್ಯಾನ್ಸರ್ಸ್ ಜತೆ ಸೇರಿ ಒಂದೇ ರೆಜಿಮೆಂಟಾಯಿತು, 1945ರಲ್ಲಿ ಶರ್ಮನ್ ಟ್ಯಾಂಕುಗಳೊಡನೆ ಬರ್ಮಾದಲ್ಲಿತ್ತು. ಮಗ ಅಪ್ಪನ ರೆಜಿಮೆಂಟಿಗೇ ಸೇರುವುದು ಆಗ ಸಾಮಾನ್ಯ. ಆದರೂ ಬರ್ಮಾ ಸ್ಟಾರ್ ಇದೆ ಎಂದ ಮಾತ್ರಕ್ಕೆ ಅಜ್ಜನೂ ಅಲ್ಲೇ ಇದ್ದರೆನ್ನಬೇಡಿ. ಸ್ಟಾರಿನ ಹಿಂದೆ ‘ಆರ್.ಐ.ಎ.ಎಸ್.ಸಿ.’ ಎಂದಿದ್ದರೆ ಅವರು ಸರಬರಾಜು ದಳದವರು.

ಸವೆದ ಅಂಚು ಓದಲು ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ, ಅಂಚಿಗೆ ತಾಗುವಷ್ಟು ಕೆಳಗೆ ಹಿಡಿಯಿರಿ, ಸುತ್ತ ತಿರುಗಿಸುತ್ತ ಏಳೆಂಟು ಫೋಟೊ ತೆಗೆಯಿರಿ. ನೆರಳು ಬೀಳುವ ಕಡೆ ಅಕ್ಷರ ಏಳುತ್ತದೆ. ಅದೂ ಸಾಲದಿದ್ದರೆ ತೆಳು ಬಟರ್ ಪೇಪರ್ ಸುತ್ತಿ 4ಬಿ ಪೆನ್ಸಿಲಿನಿಂದ ಹಗುರಾಗಿ ಉಜ್ಜಿ. ಹೆಸರಿನ ಕಾಗುಣಿತಕ್ಕೆ ತಲೆಕೆಡಿಸಿಕೊಳ್ಳಬೇಡಿ, ಗುಮಾಸ್ತ ಕೇಳಿದಂತೆ ಬರೆದದ್ದು. ಸಂಖ್ಯೆಯೇ ಆಧಾರ. ಬೆಳ್ಳಿ ಪದಕದ ವ್ಯಾಸವನ್ನು ವರ್ನಿಯರಿನಲ್ಲಿ ಅಳೆಯಿರಿ. 36 ಮಿಲಿಮೀಟರಿಗಿಂತ ಗಮನಾರ್ಹವಾಗಿ ಕಡಿಮೆ ಬಂದರೆ ಅಂಚು ಅರೆದು ಬೇರೆ ಹೆಸರು ಒತ್ತಿರಬಹುದು.

ಸ್ವಚ್ಛ ಮಾಡಲೇಬೇಕೆಂದರೆ ರಿಬ್ಬನ್ ಬಿಚ್ಚಿ, ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಸೌಮ್ಯ ಸೋಪು ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಬೇರೆ ಡಿಸ್ಟಿಲ್ಡ್ ನೀರಲ್ಲಿ ತೊಳೆದು ಕೂಡಲೇ ಒರೆಸಿ. ವಿಕ್ಟರಿ ಮೆಡಲಿಗೆ ಅದೂ ಬೇಡ. ಮೇಲಿನ ಬಂಗಾರದ ಲೇಪ ತೀರ ತೆಳು, ಒಣ ಬ್ರಷ್ ಸಾಕು. ರಿಬ್ಬನ್ನನ್ನು ತೊಳೆಯಬೇಡಿ, ಬಣ್ಣ ಹರಡುತ್ತದೆ. ಆಯುಧಪೂಜೆಯಲ್ಲಿ ಪದಕಕ್ಕೆ ಹಚ್ಚುವ ಒದ್ದೆ ಕುಂಕುಮವನ್ನು ಫ್ರೇಮಿನ ಗಾಜಿಗೆ ಹಚ್ಚಿದರೆ ಯಾರೂ ಬೇಸರಪಡಲಾರರು.

ಫ್ರೇಮಿನಲ್ಲಿ ಅಪ್ಪನದು ಮೇಲಿನ ಸಾಲು, ಮಗನದು ಕೆಳಗಿನ ಸಾಲು. ಈಗಿರುವಂತೆ ಒಂದೇ ಪಟ್ಟಿಯಲ್ಲಿಟ್ಟರೆ ನಾಳೆ ನೋಡಿದವರು ಒಬ್ಬನೇ ಎರಡೂ ಯುದ್ಧ ಮಾಡಿದನೆಂದುಕೊಳ್ಳುತ್ತಾರೆ. ಗಂಜಿ ಹೋಗುವಂತೆ ತೊಳೆದ ಹತ್ತಿಬಟ್ಟೆಗೆ ರಿಬ್ಬನ್ನನ್ನು ಹತ್ತಿದಾರದಲ್ಲಿ ಹೊಲಿಸಿ. ಫೆವಿಕಾಲ್, ಡಬಲ್ ಟೇಪ್, ಮಾಮೂಲಿ ಗುಂಡುಪಿನ್ನು ಬೇಡ, ಪಿನ್ನಿನ ತುಕ್ಕು ರೇಷ್ಮೆಗೆ ಇಳಿಯುತ್ತದೆ. ಗಾಜು ಪದಕಕ್ಕೆ ತಾಗಬಾರದು, ಬಿಸಿಲು ಬೀಳುವ ಗೋಡೆಯೂ ಬೇಡ. ಪೆಟ್ಟಿಗೆಯಲ್ಲಿಡುವುದಾದರೆ ಮೃದು ಪಿವಿಸಿ ಚೀಲ, ರಬ್ಬರ್ ಬ್ಯಾಂಡ್, ಉಣ್ಣೆ, ಸುದ್ದಿಪತ್ರಿಕೆ ದೂರವಿರಲಿ. ಪಿವಿಸಿಯಿಂದ ತಾಮ್ರ ಹಸಿರಾಗುತ್ತದೆ, ರಬ್ಬರಿನ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಒಂದು ಪೊಟ್ಟಣ ಸಿಲಿಕಾ ಜೆಲ್ ಇಡಿ, ನೀಲಿ ಹರಳು ಗುಲಾಬಿಯಾದರೆ ಬದಲಿಸಿ. ತಿಳಿಹಸಿರು ಪುಡಿ ಉದುರುವ ಚುಕ್ಕೆ ಕಂಡರೆ ಆ ಪದಕವನ್ನು ಬೇರೆ ಇಟ್ಟು ತಜ್ಞರಿಗೆ ತೋರಿಸಿ.

ವಿಚಾರಣೆ ಅಹಿಲ್ಯಾನಗರದಿಂದ (ಹಿಂದಿನ ಅಹಮದ್‌ನಗರ) ಶುರುವಾಗಲಿ. ಆರ್ಮರ್ಡ್ ಕೋರ್‌ನ, ಅಂದರೆ ಟ್ಯಾಂಕು ದಳಗಳ, ದಾಖಲೆ ಕಚೇರಿ ಅಲ್ಲಿದೆ. ಸಂಖ್ಯೆ, ಹುದ್ದೆ, ಪಡೆ, ಹಳ್ಳಿಯ ಹಳೆಯ ಹೆಸರು, ಆಗಿನ ‘ಗುಲ್ಬರ್ಗಾ ಜಿಲ್ಲೆ, ಹೈದರಾಬಾದ್ ಸಂಸ್ಥಾನ’ ಎಂಬ ವಿಳಾಸ, ಅಂಚಿನ ಫೋಟೊ ಸೇರಿಸಿ ಸ್ಪೀಡ್ ಪೋಸ್ಟಿನಲ್ಲಿ ಬರೆಯಿರಿ. ಮೊದಲ ಯುದ್ಧದ ಪದಕಗಳ ಸೂಚಿ ಕಾರ್ಡುಗಳು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಭಾರತೀಯ ಸೇನೆಯ ಕೆಲವರವೂ ಅವುಗಳಲ್ಲಿವೆ. ಯಾವ ಸ್ಟಾರ್ ಎಂಬುದು ಅಲ್ಲಿ ತಿಳಿದರೂ ತಿಳಿಯಬಹುದು. ಕಾಮನ್‌ವೆಲ್ತ್ ಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಿ ಹೆಸರು ಸಿಗದಿದ್ದರೆ ಗಾಬರಿ ಬೇಡ, ಅದು ಸೇವೆಯಲ್ಲಿ ಮಡಿದವರ ಪಟ್ಟಿ ಮಾತ್ರ. ಯಾರಾದರೂ ವಿದೇಶದಿಂದ ಕೊಳ್ಳುತ್ತೇವೆಂದು ಬಂದರೆ, ನೂರು ವರ್ಷ ದಾಟಿದ ಮುತ್ತಜ್ಜನ ಪದಕಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸಬಹುದು. ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳದೆ ಪಾರ್ಸೆಲ್ ಕಟ್ಟಬೇಡಿ.