ಬಣ್ಣ ಮಾಸಿಲ್ಲ, ಆ ಚಿತ್ರಗಳು ಇರುವುದೇ ಹಾಗೆ

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ 1906ರ ‘ಪೀಟರ್ ಪ್ಯಾನ್ ಇನ್ ಕೆನ್ಸಿಂಗ್ಟನ್ ಗಾರ್ಡನ್ಸ್’ ಎಂಬ ಇಂಗ್ಲಿಷ್ ಕಥೆ ಪುಸ್ತಕ ಸಿಕ್ಕಿತು. ಆರ್ಥರ್ ರ‍್ಯಾಕಮ್ ಬರೆದ ಚಿತ್ರಗಳನ್ನು ಕೊನೆಯಲ್ಲಿ ಕಂದು ಕಾಗದಕ್ಕೆ ಅಂಟಿಸಿದ್ದಾರೆ. ಬಣ್ಣ ಮಂಕಾಗಿದೆ. ಎರಡು ಚಿತ್ರ ಅರ್ಧ ಬಿಟ್ಟುಕೊಂಡಿವೆ. ಹಿಂದೆ ಪೂರ್ತಿ ಗಮ್ ಹಚ್ಚಿ ಅಂಟಿಸಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ದಯವಿಟ್ಟು ಹಚ್ಚಬೇಡಿ. ಅಂಟಿನ ವಿಷಯ ಆಮೇಲೆ, ಮೊದಲು ಬಣ್ಣದ ಮಾತು. ನೀವು ಮಂಕು ಅನ್ನುತ್ತಿರುವುದು ಬಹುಪಾಲು ರ‍್ಯಾಕಮ್ ಬೇಕೆಂದೇ ಬಳಸಿದ ಬಣ್ಣ.

ಆಗ ಬಣ್ಣದ ಚಿತ್ರವನ್ನು ಹಳದಿ, ಕೆಂಪು, ನೀಲಿ ಹೀಗೆ ಮೂರು ಸಲ ಒಂದರ ಮೇಲೊಂದು ಅಚ್ಚು ಹಾಕುತ್ತಿದ್ದರು. ಒಂದು ಅಚ್ಚು ಕೂದಲೆಳೆಯಷ್ಟು ಸರಿದರೂ ಮುಖ, ಕೈಬೆರಳು ಎಲ್ಲ ಕಲಸಿಹೋಗುತ್ತಿತ್ತು. ರ‍್ಯಾಕಮ್ ಮೊದಲು ಪೆನ್ನು, ಇಂಕಿನಲ್ಲಿ ಗಟ್ಟಿ ಗೆರೆ ಎಳೆಯುತ್ತಿದ್ದರು. ಅದರ ಮೇಲೆ ತೆಳು ಜಲವರ್ಣವನ್ನು ಪದರ ಪದರವಾಗಿ ಬಳಿಯುತ್ತಿದ್ದರು. ಬಣ್ಣ ಸ್ವಲ್ಪ ಆಚೀಚೆ ಆದರೂ ಗೆರೆ ಚಿತ್ರವನ್ನು ಹಿಡಿದಿಡುತ್ತಿತ್ತು. ಒಂದು ಭೂತಗನ್ನಡಿ ಹಿಡಿದು ಮರದ ಬೇರುಗಳನ್ನು ನೋಡಿ. ಮುದುಕರ ಬೆರಳಿನ ಗೆಣ್ಣುಗಳ ಹಾಗಿವೆ, ಅಲ್ವಾ? ಅಷ್ಟು ಗೆರೆಗಳು ಸ್ಪಷ್ಟವಾಗಿ ಕಾಣುವುದಕ್ಕೇ ಸುತ್ತ ಕಂದು, ಬೂದು ಬಣ್ಣ. ಕೆನ್ಸಿಂಗ್ಟನ್ ಗಾರ್ಡನ್ಸ್ ಎಂಬ ಲಂಡನ್ನಿನ ನಿಜವಾದ ಪಾರ್ಕಿನಲ್ಲಿ ಯಕ್ಷಿಣಿಯರು ಇದ್ದರೂ ಇರಬಹುದು ಅನ್ನಿಸುವುದು ಆ ಮಣ್ಣಿನ ಬಣ್ಣದಿಂದಲೇ. ನನಗಂತೂ ಹೊಳೆಯುವ ಬಣ್ಣದ ಯಾವ ಯಕ್ಷಿಣಿ ಚಿತ್ರವೂ ಇಷ್ಟು ನಂಬಿಕೆ ಹುಟ್ಟಿಸಿಲ್ಲ. ಎಡ್ಮಂಡ್ ಡುಲಾಕ್ ಇದೇ ಕಾಲದ ಇನ್ನೊಬ್ಬ ಚಿತ್ರಕಾರರು. ಅವರು ಗೆರೆಯನ್ನು ಅಷ್ಟಾಗಿ ನಂಬದೆ ಬಣ್ಣದಲ್ಲೇ ಚಿತ್ರ ಕಟ್ಟಿದರು. 1907ರ ‘ಅರೇಬಿಯನ್ ನೈಟ್ಸ್’ನಲ್ಲಿ ಅವರ ಕಡುನೀಲಿ ರಾತ್ರಿಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಈಗ ಅಂಟು. ಬಣ್ಣವನ್ನು ಸಣ್ಣ ಚುಕ್ಕಿಗಳಾಗಿ ಮೂಡಿಸುವ ಈ ಅಚ್ಚಿಗೆ ನುಣುಪಾದ ಆರ್ಟ್ ಪೇಪರ್ ಬೇಕಿತ್ತು, ಪಠ್ಯಕ್ಕೆ ಒರಟು ಕಾಗದ ಸಾಕಿತ್ತು. ಅದಕ್ಕೇ ಚಿತ್ರಗಳನ್ನು ಬೇರೆ ಅಚ್ಚು ಹಾಕಿ, ಸಾಮಾನ್ಯವಾಗಿ ಒಂದು ಅಂಚಿಗಷ್ಟೇ ಅಂಟು ಸವರಿ ಕೂರಿಸುತ್ತಿದ್ದರು. ಹಿಂದೆ ಪೂರ್ತಿ ಅಂಟು ಬಳಿದರೆ ಎರಡು ಕಾಗದವೂ ಒಂದೊಂದು ರೀತಿ ಎಳೆದುಕೊಂಡು ಸುಕ್ಕಾಗುತ್ತವೆ. ಗೋಧಿ ಪಿಷ್ಟದ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ, ಬಿಟ್ಟುಕೊಂಡ ಅಂಚಿಗೆ ಮಾತ್ರ ಸಣ್ಣ ಕುಂಚದಲ್ಲಿ ಹಚ್ಚಿ. ಪೂರ್ತಿ ಒಣಗುವ ತನಕ ಮೇಲೆ ಭಾರ ಇಡಿ. ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ, ಅದರ ಹಳದಿ ಕಲೆ ಹೋಗುವುದಿಲ್ಲ. ಚಿತ್ರದ ಮೇಲಿನ ತೆಳು ಹಾಳೆಯಲ್ಲಿ ಚಿತ್ರದ ಹೆಸರು ಅಚ್ಚಾಗಿರುತ್ತದೆ, ಹರಿದಿದ್ದರೂ ಬಿಸಾಡಬೇಡಿ.

ಉಡುಪಿಯ ಮಳೆಗಾಲಕ್ಕೆ ಇನ್ನೊಂದು ಮಾತು. ಆರ್ಟ್ ಪೇಪರ್ ಒದ್ದೆಯಾಗಿ ಮುಚ್ಚಿದ ಹಾಗೇ ಒಣಗಿದರೆ ಹಾಳೆಗಳು ಬಿಡಿಸಲಾಗದಂತೆ ಕಚ್ಚಿಕೊಳ್ಳುತ್ತವೆ. ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ವಾರಕ್ಕೊಮ್ಮೆ ಬಿಡಿಸಿ ಗಾಳಿಯಾಡಿಸಿ.